ಗೌಡರ ಮನೆಯ ಆಳು ಮಾರನ ಹೆಸರು ಎಲ್ಲಿ ಸಿಕ್ಕೀತು?

ಪ್ರಶ್ನೆ: ನಮ್ಮ ಊರು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಲ್ಲಿದೆ. ನನಗೀಗ 52 ವರ್ಷ, ಬೆಂಗಳೂರಿನಲ್ಲಿ ನೌಕರಿ. ತಾತ ಕೆಂಪಯ್ಯ 1981ರಲ್ಲಿ, ಸುಮಾರು ಎಪ್ಪತ್ತರ ವಯಸ್ಸಿನಲ್ಲಿ ತೀರಿಕೊಂಡರು. ತಾತನ ತಂದೆ ಬೋರ, ಬೋರನ ತಂದೆ ಮಾರ. ಅದರಿಂದಾಚೆಗಿನ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಧಾತು ಸಂವತ್ಸರದ ಬರದಲ್ಲಿ ಮಾರ ತನ್ನ ಹೆಂಡತಿಯೊಡನೆ, ಕಂಕುಳಲ್ಲಿ ಕೂಸು ಬೋರನನ್ನು ಎತ್ತಿಕೊಂಡು, ಹೊಳೆ ದಾಟಿ ಬಂದು ನಮ್ಮೂರ ಗೌಡರ ಮನೆಯಲ್ಲಿ ಜೀತಕ್ಕೆ ಸೇರಿದನೆಂದು ಅಜ್ಜಿ ಹೇಳುತ್ತಿದ್ದರು. ತಾತನ ದೊಡ್ಡಪ್ಪ ಊರಿನ ತೋಟಿ, ಅಂದರೆ ಗ್ರಾಮ ಸೇವಕನ, ಕೆಲಸ ಮಾಡುತ್ತಿದ್ದರಂತೆ. ನನ್ನ ಜೊತೆ ಕೆಲಸ ಮಾಡುವ ಇಂಗ್ಲೆಂಡಿನ ಮಹಿಳೆಯೊಬ್ಬರು ತಮ್ಮ ಮನೆತನದ ಹಿರಿಯನೊಬ್ಬ ಹೊಲದ ಕೂಲಿಯಾಗಿದ್ದುದನ್ನು 1851ರ ಜನಗಣತಿಯ ಹಾಳೆಯಲ್ಲೇ ತೋರಿಸಿದರು. ನಮಗೆ ಅಂಥದ್ದು ಏಕಿಲ್ಲ? ಊರಿನಲ್ಲಿ ವಿಚಾರಿಸಿದರೆ ಶಾನುಭೋಗರ ಕಾಗದವೆಲ್ಲ ಗೆದ್ದಲು ತಿಂದು ಹೋಯಿತು ಎನ್ನುತ್ತಾರೆ. ಒಬ್ಬರು ಇಪ್ಪತ್ತೈದು ಸಾವಿರ ರೂಪಾಯಿಗೆ ಏಳು ತಲೆಮಾರಿನ ವಂಶವೃಕ್ಷ ಮಾಡಿಕೊಡುವುದಾಗಿ ಹೇಳಿದ್ದಾರೆ. ಕೊಡಬಹುದೇ? ಅಥವಾ ಭೂಮಿ ಇಲ್ಲದವರ ಹಿಂದಿನದನ್ನು ಹುಡುಕಲು ಬೇರೆ ದಾರಿ ಇದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳಿವೆ. ಭೂಮಿ ಇಲ್ಲದವನ ಹೆಸರನ್ನು ಯಾರೂ ಬರೆದೇ ಇಲ್ಲವೇನೋ ಎಂಬುದು ಒಂದು. ಬರೆದಿದ್ದರೂ ಅದು ಉಳಿದಿಲ್ಲವೇನೋ ಎಂಬುದು ಇನ್ನೊಂದು. ಹಳೆಯ ಮೈಸೂರು ಸೀಮೆಯ ಕಂದಾಯ ದಾಖಲೆಗಳ ನಡುವೆ ಬಹುಕಾಲ ಕಳೆದವನಾಗಿ ಹೇಳುವುದಾದರೆ, ಎರಡೂ ಅರ್ಧ ಮಾತ್ರ ನಿಜ. ಮಾರನ ಹೆಸರಿನ ಖಾತೆ ನಿಮಗೆ ಸಿಗುವುದಿಲ್ಲ, ಏಕೆಂದರೆ ಅವನಿಗೆ ಖಾತೆ ಇರಲಿಲ್ಲ. ಆದರೆ ಅವನು ಉತ್ತ ಹೊಲಕ್ಕೆ, ಅವನನ್ನು ಜೀತಕ್ಕಿಟ್ಟುಕೊಂಡ ಮನೆಗೆ, ಅವನ ಗುಡಿಸಲಿನ ಪಕ್ಕದ ಹಿತ್ತಲಿಗೆ ದಾಖಲೆಗಳಿದ್ದವು. ಆದ್ದರಿಂದ ನೀವು ಹುಡುಕಬೇಕಾದದ್ದು ಮಾರನ ಕಾಗದವನ್ನಲ್ಲ, ಬೇರೆಯವರ ಕಾಗದದ ಅಂಚಿನಲ್ಲಿ ನಿಂತಿರಬಹುದಾದ ಮಾರನನ್ನು.

ಮೊದಲು ನಿಮ್ಮ ಸಹೋದ್ಯೋಗಿಯ ವಿಷಯ. ಇಂಗ್ಲೆಂಡಿನಲ್ಲಿ 1538ರಿಂದಲೇ ಚರ್ಚುಗಳು ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ಪುಸ್ತಕ ಇಡಬೇಕೆಂಬ ಕಟ್ಟಳೆಯಿತ್ತು. 1837ರಲ್ಲಿ ಜನನ ಮರಣಗಳ ಸರ್ಕಾರಿ ನೋಂದಣಿ ಬಂತು. 1841ರಿಂದ ಹತ್ತು ವರ್ಷಕ್ಕೊಮ್ಮೆ ಮನೆಮನೆಯ ಹೆಸರು ಬರೆದ ಗಣತಿ ಪುಸ್ತಕಗಳನ್ನು ಕಾಪಾಡಿಟ್ಟು, ನೂರು ವರ್ಷ ಕಳೆದ ಮೇಲೆ ಜನರಿಗೆ ತೆರೆದಿದ್ದಾರೆ. ನಮ್ಮಲ್ಲಿ ಎಣಿಕೆಯೇ ನಡೆಯಲಿಲ್ಲವೆಂದಲ್ಲ. ಮೈಸೂರು ಸಂಸ್ಥಾನದಲ್ಲಿ 1871ರಲ್ಲೂ 1881ರಲ್ಲೂ, ಅಲ್ಲಿಂದಾಚೆಗೆ ಹತ್ತು ಹತ್ತು ವರ್ಷಕ್ಕೂ ಗಣತಿ ನಡೆದಿದೆ. ಆದರೆ ಇಲ್ಲಿ ಹೆಸರು ಬರೆದ ಹಾಳೆಗಳು ಲೆಕ್ಕ ಕೂಡಿಸುವವರೆಗೆ ಮಾತ್ರ ಬೇಕಾಗಿದ್ದವು. ಅಚ್ಚಾಗಿ ಉಳಿದವು ಕೋಷ್ಟಕಗಳು. ಸ್ವಾತಂತ್ರ್ಯಾನಂತರದ ಗಣತಿಗಳಲ್ಲಂತೂ ವ್ಯಕ್ತಿಗಳ ವಿವರವನ್ನು ಯಾರಿಗೂ ತೋರಿಸಕೂಡದೆಂದು 1948ರ ಕಾಯ್ದೆಯೇ ಹೇಳುತ್ತದೆ. 1871ರಲ್ಲಿ ಮೈಸೂರಿನ ಜನಸಂಖ್ಯೆ 50,55,412. 1876ರಲ್ಲಿ ಆರಂಭವಾದ ಧಾತು ಬರ ಕಳೆದ ಮೇಲೆ, 1881ರಲ್ಲಿ, 41,86,188. ನಿಮ್ಮ ಮಾರನೂ ಅವನ ಕಂಕುಳ ಕೂಸೂ ಈ ಎರಡನೆಯ ಸಂಖ್ಯೆಯೊಳಗೆ ಎರಡು ಅಂಕಿಗಳಾಗಿದ್ದಾರೆ, ಅಷ್ಟೇ. ಹೆಸರು ಹಿಡಿದು ಅವರನ್ನು ಅಲ್ಲಿಂದ ಎತ್ತಿಕೊಳ್ಳಲು ಬಾರದು. ಹಳೆಯ ಜನಗಣತಿಯ ಹೆಸರುಪಟ್ಟಿ ತರಿಸಿಕೊಡುತ್ತೇನೆ ಎನ್ನುವವರಿಗೆ ಹಣ ಕೊಡಬೇಡಿ.

ಗೆದ್ದಲಿನ ಕಥೆಯನ್ನು ನಾನು ಪ್ರತಿ ಊರಿನಲ್ಲೂ ಕೇಳಿದ್ದೇನೆ. ಕೆಲವೆಡೆ ಗೆದ್ದಲಿನ ಬದಲು ಬೆಂಕಿ, ಕೆಲವೆಡೆ ಹೊಳೆಯ ನೆರೆ. ಶಾನುಭೋಗರ ಮನೆಯ ಅಟ್ಟದಲ್ಲಿದ್ದದ್ದು ನಿಜವಾಗಿಯೂ ಹೋಗಿರಬಹುದು. ಆದರೆ ಊರಿನ ಲೆಕ್ಕ ಒಂದೇ ಕಡೆ ಇರುತ್ತಿರಲಿಲ್ಲ. 1863ರಲ್ಲಿ ಚಿತ್ರದುರ್ಗದ ಕಡೆಯಿಂದ ಆರಂಭವಾಗಿ ಹಂತಹಂತವಾಗಿ ಸಂಸ್ಥಾನವನ್ನೆಲ್ಲ ಅಳೆದ ಕಂದಾಯ ಸರ್ವೆಯ ಟಿಪ್ಪಣಿ, ಆಕಾರ್‌ಬಂದ್, ಖೇತವಾರು ಪತ್ರಿಕೆ ಎಂಬ ಅಳತೆ, ವಿಸ್ತೀರ್ಣ, ಕಂದಾಯಗಳ ಪುಸ್ತಕಗಳು ಸರ್ವೆ ಇಲಾಖೆಯಲ್ಲಿರುತ್ತವೆ. 1920ರ ದಶಕದಿಂದಾಚೆಗಿನ ಐ.ಎಲ್. (ಜಮೀನುಗಳ ಸೂಚಿ), ಆರ್.ಆರ್. (ಹಕ್ಕುದಾಖಲೆ) ಪುಸ್ತಕಗಳು, ಕೈಬರಹದ ಪಹಣಿಗಳು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರುತ್ತವೆ. ಈಚೆಗೆ ಅವನ್ನು ಸ್ಕ್ಯಾನ್ ಮಾಡುವ ಕೆಲಸವೂ ನಡೆದಿದೆ. ಕ್ರಯಪತ್ರ, ಭೋಗ್ಯಪತ್ರಗಳು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ. ಸರ್ಕಾರದ ಮಟ್ಟದ ಪತ್ರವ್ಯವಹಾರ ಬೆಂಗಳೂರು, ಮೈಸೂರುಗಳಲ್ಲಿರುವ ರಾಜ್ಯ ಪತ್ರಾಗಾರದಲ್ಲಿ. ಇನ್ನೊಂದು ಎಚ್ಚರ: ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ. ಅದಕ್ಕೆ ಮುಂಚಿನ ಕಡತಗಳಲ್ಲಿ ನಿಮ್ಮ ತಾಲ್ಲೂಕು ಮೈಸೂರು ಜಿಲ್ಲೆಯ ಕೆಳಗೆ ಇರುತ್ತದೆ. ಇದೊಂದು ಗೊತ್ತಿಲ್ಲದೆ ತಿಂಗಳುಗಟ್ಟಲೆ ತಪ್ಪು ಪಟ್ಟಿ ತಿರುವಿದವರನ್ನು ಕಂಡಿದ್ದೇನೆ.

ಧಾತು ಬರದ ಮಾತು ಗಟ್ಟಿಯಾದದ್ದೇ? ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಧಾತು 1816ರಲ್ಲೂ ಬಂದಿತ್ತು, 1876ರಲ್ಲೂ, 1936ರಲ್ಲೂ ಬಂತು. ಆದ್ದರಿಂದ ಸಂವತ್ಸರವನ್ನು ತಲೆಮಾರಿನ ಲೆಕ್ಕದ ಜೊತೆ ತೂಗಿ ನೋಡಬೇಕು. ಕೆಂಪಯ್ಯನವರು ಹುಟ್ಟಿದ್ದು 1910ರ ಆಸುಪಾಸು. ಬೋರ 1876ರಲ್ಲಿ ಕಂಕುಳ ಕೂಸಾಗಿದ್ದರೆ ಆಗ ಅವನಿಗೆ ಮೂವತ್ತೈದು. ಲೆಕ್ಕ ಕೂಡುತ್ತದೆ. ಅಜ್ಜಿಯರು ಆ ಬರವನ್ನು ಧಾತು, ಈಶ್ವರ ಎಂದು ಜೋಡಿಯಾಗಿ ಹೇಳುವುದುಂಟು. 1876ರಲ್ಲಿ ಧಾತು, ಮರುವರ್ಷ ಈಶ್ವರ. ಹೀಗೆಯೇ 1898ರ ಪ್ಲೇಗು, ಕಾಳಯುಕ್ತಿ ಸಂವತ್ಸರದಲ್ಲಿ ಅಂದರೆ 1918ರಲ್ಲಿ ಬಂದ ಇನ್‌ಫ್ಲೂಯೆಂಜಾ, 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕೆಲಸ, ಆಮೇಲೆ ಬಂದ ನಾಲೆ, ಇವೆಲ್ಲ ನಿಮ್ಮ ಸೀಮೆಯ ಹಿರಿಯರ ನೆನಪಿಗೆ ಗೂಟಗಳು. ಇಸವಿ ಕೇಳಿದರೆ ಅವರು ಸುಮ್ಮನಾಗುತ್ತಾರೆ. ‘ಪ್ಲೇಗಿನಲ್ಲಿ ಊರು ಬಿಟ್ಟಾಗ ಬೋರನಿಗೆ ಮದುವೆ ಆಗಿತ್ತೇ’ ಎಂದರೆ ಉತ್ತರ ಬರುತ್ತದೆ.

ಈಗ ನೀವು ನಡುವೆ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಟ್ಟ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ಅದಕ್ಕಿಂತ ಬೆಲೆಬಾಳುವ ಮಾತು ಇನ್ನೊಂದಿಲ್ಲ. ತಾತನ ದೊಡ್ಡಪ್ಪ ತೋಟಿ ಆಗಿದ್ದರು ಎಂದಿದ್ದೀರಿ. ತೋಟಿಕೆ ಎಂಬುದು ಪಟೇಲಿಕೆ, ಶಾನುಭೋಗಿಕೆಗಳಂತೆ ವಂಶಪಾರಂಪರ್ಯದ ಗ್ರಾಮ ಸೇವೆ. ಅದಕ್ಕೆ ಇನಾಮು ಜಮೀನು ಇರುತ್ತಿತ್ತು, ಕಣದಲ್ಲಿ ಆಯ ಎಂಬ ಧಾನ್ಯದ ಪಾಲು ಸಿಗುತ್ತಿತ್ತು, ಮತ್ತು ಯಾರು ಆ ಕೆಲಸದಲ್ಲಿದ್ದಾರೆಂದು ಸರ್ಕಾರ ಬರಾವರ್ದು ಎಂಬ ಪುಸ್ತಕದಲ್ಲಿ ಬರೆದಿಡುತ್ತಿತ್ತು. ಊರಿನ ಬಡವರಲ್ಲಿ ಬಡವನಾದವನ ಹೆಸರು ಅವನದೇ ಹಕ್ಕಿನಿಂದ ಸರ್ಕಾರದ ಪುಸ್ತಕದಲ್ಲಿ ಬರುತ್ತಿದ್ದ ಕೆಲವೇ ಜಾಗಗಳಲ್ಲಿ ಇದೊಂದು. 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಈ ಹುದ್ದೆಗಳೆಲ್ಲ ರದ್ದಾದಾಗ, ಇನಾಮು ಜಮೀನುಗಳು ಸರ್ಕಾರಕ್ಕೆ ಸೇರಿ, ಹಿಂದಿನ ಹಕ್ಕುದಾರರಿಗೆ ಮರುಮಂಜೂರಾದವು. ಆ ಮರುಮಂಜೂರಾತಿಯ ಕಡತದಲ್ಲಿ ಸಾಮಾನ್ಯವಾಗಿ ಒಂದು ವಂಶಾವಳಿ ಇರುತ್ತದೆ. ಬರಾವರ್ದುದಾರನಾಗಿ ಒಬ್ಬನ ಹೆಸರು ಮಾತ್ರ ಇದ್ದರೂ ಅಣ್ಣತಮ್ಮಂದಿರು ಸರದಿಯ ಮೇಲೆ ಕೆಲಸ ಮಾಡುತ್ತಿದ್ದುದರಿಂದ, ಎಲ್ಲ ಕವಲಿನವರೂ ಬಂದು ನಮಗೂ ಪಾಲಿದೆ ಎಂದು ಹೇಳಿಕೆ ಕೊಟ್ಟಿರುತ್ತಾರೆ. ಮೂಲಪುರುಷ ಯಾರು, ಅವನಿಗೆ ಎಷ್ಟು ಗಂಡುಮಕ್ಕಳು ಎಂದು ಬರೆಸಿರುತ್ತಾರೆ. 1960ರ ದಶಕದಲ್ಲಿ ಎಪ್ಪತ್ತು ವರ್ಷದ ಮುದುಕನೊಬ್ಬ ತನ್ನ ತಾತನ ಹೆಸರು ಹೇಳಿದ್ದಾನೆಂದರೆ ನೀವು ಒಂದೇ ಹೆಜ್ಜೆಗೆ 1850ರ ಆಚೆ ಹೋದಂತೆ.

ಆದರೆ ಇಲ್ಲಿಯೇ ನಿಮ್ಮ ಮನೆಯ ಎರಡು ಕಥೆಗಳು ಒಂದಕ್ಕೊಂದು ಹೊಂದುವುದಿಲ್ಲ. ಬರದಲ್ಲಿ ಹೊರಗಿನಿಂದ ಬಂದವನ ಮಗನಿಗೆ ವಂಶಪಾರಂಪರ್ಯದ ತೋಟಿಕೆ ಹೇಗೆ ಬಂತು? ಮಾರ ಒಂದು ಕೂಸಿನೊಡನೆ ಬಂದನೆಂದರೆ ಆ ಕೂಸಿಗೆ ಅಣ್ಣನೊಬ್ಬ ಎಲ್ಲಿಂದ ಬಂದ? ನನಗೆ ಮೂರು ಸಾಧ್ಯತೆಗಳು ಕಾಣುತ್ತವೆ. ನಮ್ಮ ಮಾತಿನಲ್ಲಿ ದೊಡ್ಡಪ್ಪನೆಂದರೆ ತಂದೆಯ ಅಣ್ಣನೇ ಆಗಬೇಕಿಲ್ಲ. ತಾಯಿಯ ಅಕ್ಕನ ಗಂಡನೂ ದೊಡ್ಡಪ್ಪನೇ. ಹಾಗಿದ್ದರೆ ಬೋರ ಅದೇ ಊರಿನ ಹೆಣ್ಣನ್ನು ತಂದುಕೊಂಡ, ತೋಟಿಕೆಯ ಮನೆ ಅವನ ಷಡ್ಡಕನದು, ಮತ್ತು ಆ ವಂಶಾವಳಿ ನಿಮ್ಮದಲ್ಲ. ಎರಡನೆಯದು, ಬರದಲ್ಲಿ ಊರಿನ ತೋಟಿಯ ಮನೆತನ ಅಳಿದೋ ಕದಲಿಯೋ ಹೋಗಿ, ಬಂದವನನ್ನು ಆ ಕೆಲಸಕ್ಕೆ ಹಚ್ಚಿರಬಹುದು. ಮೂರನೆಯದು ನಿಮಗೆ ಹಿಡಿಸದಿರಬಹುದು: ನಿಮ್ಮವರು ಮೊದಲಿಂದ ಆ ಊರಿನವರೇ ಆಗಿದ್ದು, ಹೊಳೆ ದಾಟಿ ಬಂದ ಕಥೆ ಅಜ್ಜಿಯ ತವರಿನ ಕಥೆಯಾಗಿರಬಹುದು. ಹೆಣ್ಣುಮಕ್ಕಳು ತವರಿನ ಕಥೆಯನ್ನು ಗಂಡನ ಮನೆಗೆ ತಂದು, ಎರಡು ತಲೆಮಾರಿನಲ್ಲಿ ಅದು ಈ ಮನೆಯದೇ ಆಗಿಹೋಗುವುದನ್ನು ಬೇಕಾದಷ್ಟು ನೋಡಿದ್ದೇನೆ. ಯಾವುದು ನಿಜವೆಂದು ಬರಾವರ್ದು ಮತ್ತು ಮರುಮಂಜೂರಾತಿಯ ಕಡತ ಮಾತ್ರ ಹೇಳಬಲ್ಲವು. ಮಾಹಿತಿ ಹಕ್ಕು ಕಾಯ್ದೆಯಡಿ ತಹಶೀಲ್ದಾರರಿಗೆ ಅರ್ಜಿ ಬರೆಯಿರಿ. ‘ನಮ್ಮ ವಂಶದ ದಾಖಲೆ ಕೊಡಿ’ ಎಂದರೆ ಇಲ್ಲವೆಂಬ ಉತ್ತರ ಬರುತ್ತದೆ, ‘ಇಂಥ ಗ್ರಾಮದ ತೋಟಿ ಇನಾಮು ಜಮೀನಿನ ಮರುಮಂಜೂರಾತಿ ನಡವಳಿಯ ನಕಲು’ ಎಂದು ಕೇಳಿದರೆ ಗುಮಾಸ್ತನಿಗೆ ಯಾವ ಬೀರು ತೆರೆಯಬೇಕೆಂದು ಗೊತ್ತಾಗುತ್ತದೆ.

ಇದೇ ರೀತಿ ಹತ್ತಿರದಿಂದ ದೂರಕ್ಕೆ ಹೋಗುವುದು ಕ್ರಮ. 1870ಕ್ಕೆ ಜಿಗಿಯಬೇಡಿ. 1976ರ ಜೀತವಿಮುಕ್ತಿ ಕಾಯ್ದೆಯ ಬಳಿಕ ಮನೆಯಲ್ಲಿ ಯಾರಿಗಾದರೂ ಬಿಡುಗಡೆ ಪತ್ರ ಸಿಕ್ಕಿತ್ತೇ ನೋಡಿ. ಅದರ ಹಿಂದಿನ ವಿಚಾರಣೆಯಲ್ಲಿ ಯಾರ ಮನೆಯಲ್ಲಿ, ಎಷ್ಟು ಸಾಲಕ್ಕೆ, ಯಾವಾಗಿನಿಂದ ಎಂಬುದಿರುತ್ತದೆ. ಗೌಡರ ಜಮೀನನ್ನು ನಿಮ್ಮವರು ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಮಾಡುತ್ತಿದ್ದರೆ 1974ರ ಭೂಸುಧಾರಣೆಯ ಬಳಿಕ ಗೇಣಿದಾರರ ಅರ್ಜಿಯಾದ ಫಾರಂ 7 ಕೊಟ್ಟಿರಬಹುದು; ಭೂನ್ಯಾಯಮಂಡಳಿಯ ಮುಂದಿನ ಹೇಳಿಕೆಗಳಲ್ಲಿ ‘ನಮ್ಮ ತಾತನ ಕಾಲದಿಂದ’ ಎಂಬ ಮಾತು ಬಂದೇ ಬರುತ್ತದೆ. ಜಮೀನು ಪಡೆಯಲು ಆಡಿದ ಮಾತಾದ್ದರಿಂದ ಅದನ್ನು ಸ್ವಲ್ಪ ಹಿಡಿತದಲ್ಲಿ ನಂಬಬೇಕು. ದರಖಾಸ್ತಿನಲ್ಲಿ, ಅಂದರೆ ಅರ್ಜಿ ಹಾಕಿ, ಸರ್ಕಾರಿ ಜಮೀನು ಪಡೆದ ಸಾಗುವಳಿ ಚೀಟಿ, ಕೆಂಪಯ್ಯನವರೋ ಅವರ ತಮ್ಮಂದಿರೋ ಶಾಲೆಯ ಮೆಟ್ಟಿಲು ಹತ್ತಿದ್ದರೆ ಅಲ್ಲಿನ ದಾಖಲಾತಿ ಪುಸ್ತಕ, ಇವುಗಳಲ್ಲಿ ತಂದೆಯ ಹೆಸರು ಮತ್ತು ಕಸುಬು ಬರೆದಿರುತ್ತದೆ. ‘ಬೋರ ಬಿನ್ ಮಾರ’ ಎಂಬ ಮೂರು ಪದ ಎಲ್ಲಿ ಸಿಕ್ಕರೂ ಅದು ನಿಮ್ಮ ನೆಲೆಗಟ್ಟು. ಗಂಡಸರಿಗೆ ಬಿನ್, ಹೆಂಗಸರಿಗೆ ಕೋಂ ಎಂದು ಬರೆಯುತ್ತಿದ್ದರು. ‘ಕೆಂಪಿ ಕೋಂ ಬೋರ’ ಎಂದರೆ ಬೋರನ ಹೆಂಡತಿ ಕೆಂಪಿ. ಬೋರ, ಮಾರ, ಕಾಳ, ಕೆಂಪ ಎಂಬ ಹೆಸರುಗಳು ಒಂದೇ ಕೇರಿಯಲ್ಲಿ ಹತ್ತು ಹತ್ತು ಇರುತ್ತವೆ, ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದರಿಂದ ತಲೆಮಾರು ಬಿಟ್ಟು ತಲೆಮಾರಿಗೆ ಅದೇ ಹೆಸರು ಬರುತ್ತದೆ. ಒಂಟಿ ‘ಮಾರ’ನನ್ನು ಎಲ್ಲಿ ಕಂಡರೂ ನಮ್ಮವನೆಂದು ಅಪ್ಪಿಕೊಳ್ಳಬೇಡಿ. ಬಿನ್ ಹಿಂದೆ ಮುಂದೆ ಎರಡು ಹೆಸರೂ ಕೂಡಬೇಕು, ಅಥವಾ ಹೆಂಡತಿಯ ಹೆಸರೋ ಕೇರಿಯೋ ಜೊತೆಗಿರಬೇಕು.

ಹತ್ತೊಂಬತ್ತನೆಯ ಶತಮಾನಕ್ಕೆ ಇಳಿದ ಮೇಲೆ ನನಗೆ ಹೆಚ್ಚು ಫಲ ಕೊಟ್ಟದ್ದು ಯಾವುದೆಂದು ಕೇಳಿದರೆ, ಚೆಕ್ಕುಬಂದಿ ಎನ್ನುತ್ತೇನೆ. ಮನೆ, ಹಿತ್ತಲು, ಹೊಲ ಯಾವುದನ್ನು ಮಾರಿದರೂ ಒತ್ತೆಯಿಟ್ಟರೂ ಪತ್ರದಲ್ಲಿ ನಾಲ್ಕು ದಿಕ್ಕಿನ ಎಲ್ಲೆ ಬರೆಯಲೇಬೇಕು. ಗೌಡರು ತಮ್ಮ ಹಿತ್ತಲೊಂದನ್ನು ತಮ್ಮನಿಗೆ ಬಿಟ್ಟುಕೊಟ್ಟರೆಂದುಕೊಳ್ಳಿ. ಪತ್ರದಲ್ಲಿ ಪೂರ್ವಕ್ಕೆ ಓಣಿ, ದಕ್ಷಿಣಕ್ಕೆ ಹುಲ್ಲಿನ ಬಣವೆ, ಉತ್ತರಕ್ಕೆ ಬಾವಿ ಎಂದೆಲ್ಲ ಬರೆದ ಬಳಿಕ ‘ಪಶ್ಚಿಮಕ್ಕೆ ನಮ್ಮ ಆಳು ಮಾರನು ಇರುವ ಗುಡಿಸಲು’ ಎಂದು ಒಂದು ಸಾಲು ಬರುತ್ತದೆ. ಮಾರನಿಗೆ ಆ ಕಾಗದದಲ್ಲಿ ಯಾವ ಹಕ್ಕೂ ಇಲ್ಲ. ಬಾವಿ, ಬಣವೆಗಳಂತೆ ಅವನೂ ಒಂದು ಎಲ್ಲೆ. ಆದರೆ ನಿಮಗೆ ಹೆಸರು ಸಿಕ್ಕಿತು, ಇಸವಿ ಸಿಕ್ಕಿತು, ಅವನು ಯಾರ ಆಳೆಂಬುದು ಸಿಕ್ಕಿತು, ಊರಿನಲ್ಲಿ ಅವನ ಗುಡಿಸಲು ನಿಂತಿದ್ದ ಜಾಗವೂ ಸಿಕ್ಕಿತು. ಪತ್ರದ ಕೊನೆಯಲ್ಲಿ, ಬಿಕ್ಕಲಂ ಹಾಕಿದ ಪತ್ರಬರಹಗಾರನ ಹೆಸರಿನ ಮೇಲೆ, ಸಾಕ್ಷಿಗಳ ಪಟ್ಟಿಯನ್ನೂ ಓದಿ. ಅಕ್ಷರ ಬಾರದವರು ಗುರುತು ಹಾಕಿ, ಪಕ್ಕದಲ್ಲಿ ಬೇರೊಬ್ಬರು ಅವರ ಹೆಸರು ಬರೆದಿರುತ್ತಾರೆ. ಇದರ ತೊಡಕೆಂದರೆ, ಸಬ್‌ರಿಜಿಸ್ಟ್ರಾರ್ ಕಚೇರಿಯ ಸೂಚಿಯಲ್ಲಿ ಕೊಟ್ಟವರು, ಕೊಂಡವರ ಹೆಸರು ಮಾತ್ರ ಇರುತ್ತದೆ. ಎಲ್ಲೆಯಲ್ಲಿ ನಿಂತವನ ಹೆಸರಿಗೆ ಸೂಚಿಯಿಲ್ಲ. ಆದ್ದರಿಂದ ನೀವು ಗೌಡರ ಮನೆತನದ ಪತ್ರಗಳನ್ನೆಲ್ಲ ಓದಬೇಕು, ಅಂದರೆ ನಿಮ್ಮ ವಂಶಕ್ಕೆ ಮುಂಚೆ ಗೌಡರ ವಂಶವೃಕ್ಷವನ್ನು ನೀವು ಸಿದ್ಧಮಾಡಿಕೊಳ್ಳಬೇಕಾಗುತ್ತದೆ. ವಿಚಿತ್ರವೆನಿಸಿದರೂ ಇದಕ್ಕೆ ಅಡ್ಡದಾರಿಯಿಲ್ಲ.

ಜೀತದ ಕರಾರು ಎಲ್ಲಿ ಎಂದು ನೀವು ಕೇಳಬಹುದು. ಮದುವೆಗೋ ಹೊಟ್ಟೆಗೋ ಮುಂಗಡ ಹಣ ಕೊಟ್ಟು, ಅದು ತೀರುವವರೆಗೆ ದುಡಿಸಿಕೊಳ್ಳುವ ಪದ್ಧತಿ ಹಳೆಯದು. 1800-01ರಲ್ಲಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಹೊಲದಾಳುಗಳ ಕೂಲಿ, ಸಾಲಗಳ ವಿವರವನ್ನು ಊರೂರಿನಲ್ಲಿ ಕೇಳಿ ಬರೆದುಕೊಂಡಿದ್ದಾನೆ. ಮಾರ ಏನು ಉಂಡ, ಏನು ಉಟ್ಟ ಎಂಬ ಚಿತ್ರ ಬೇಕಿದ್ದರೆ ಅವನ ಬರಹವನ್ನೂ, ಲೂಯಿಸ್ ರೈಸ್ ಸಿದ್ಧಪಡಿಸಿದ ಮೈಸೂರು ಗೆಜೆಟಿಯರನ್ನೂ ಓದಿ. ಆದರೆ ಕರಾರು ಬಹುಮಟ್ಟಿಗೆ ಬಾಯಿಮಾತಿನದು, ಲೆಕ್ಕ ಮಾತ್ರ ಧಣಿಯ ಮನೆಯಲ್ಲಿ. ಆ ಲೆಕ್ಕ ಎಷ್ಟೋ ಕಡೆ ಕಡತದಲ್ಲಿತ್ತು. ಇಲ್ಲಿ ಕಡತವೆಂದರೆ ಕಚೇರಿಯ ಫೈಲಲ್ಲ. ದಪ್ಪ ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕರಿಯ ಪುಸ್ತಕ. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಗೌಡರ ಅಟ್ಟದ ಪೆಟ್ಟಿಗೆಯಲ್ಲಿ ಅಂಥದೊಂದು ಇದ್ದರೆ ನಿಮ್ಮ ಅದೃಷ್ಟ ಕುದುರಿತೆನ್ನಿ. ಒಂದು ಹೆಸರು, ಅದರ ಮುಂದೆ ಇಷ್ಟು ಕೊಳಗ ರಾಗಿ, ಒಂದು ಕಂಬಳಿ, ಒಂದು ಜೊತೆ ಮೆಟ್ಟು, ಹಬ್ಬದ ಕೈಗಡ ಎಂದು ಒಂದು ವರ್ಷದ ಬದುಕು ನಾಲ್ಕು ಸಾಲಿನಲ್ಲಿ ಇರುತ್ತದೆ. ಕಡತದ ಗುಣವೇ ಅದರ ದೋಷ: ಅಳಿಸಿ ಮತ್ತೆ ಬರೆಯಬಹುದು. ತೀರಿದ ಲೆಕ್ಕವನ್ನು ಅಳಿಸಿ ಹೊಸದನ್ನು ಬರೆದಿರುತ್ತಾರೆ. ಹಾಗಾಗಿ ಉಳಿದಿರುವುದು ಹೆಚ್ಚಾಗಿ ತೀರದ ಸಾಲ. ಧೂಳು ಹೊಡೆಯಲು ಒದ್ದೆ ಬಟ್ಟೆ ಮುಟ್ಟಿಸಿದರೆ ಅದೂ ಹೋಯಿತು. ಬೆರಳಿನಿಂದ ಉಜ್ಜಬೇಡಿ, ಮಡಿಕೆಯನ್ನು ಎಳೆದು ಬಿಡಿಸಬೇಡಿ. ಕಿಟಕಿಯ ಬಳಿ ಓರೆ ಬೆಳಕಿನಲ್ಲಿಟ್ಟು ಒಂದೊಂದು ಪುಟವನ್ನೂ ಮೊಬೈಲಿನಲ್ಲಿ ಎರಡೆರಡು ಚಿತ್ರ ತೆಗೆಯಿರಿ. ಹಳೆಯ ಲೆಕ್ಕದ ಅಂಕಿ, ಕಾಲು ಅರೆ ಮುಕ್ಕಾಲಿನ ಗೀಟುಗಳು ನಿಮಗೆ ಓದಲು ಬಾರದಿದ್ದರೆ ಚಿಂತೆಯಿಲ್ಲ, ಓದುವವರು ಇನ್ನೂ ಇದ್ದಾರೆ.

ಹೊಳೆಯ ವಿಷಯ. ಯಾವ ಹೊಳೆ? ನಿಮ್ಮ ತಾಲ್ಲೂಕಿನಲ್ಲಿ ಶಿಂಷಾ ಹರಿಯುತ್ತದೆ, ದಕ್ಷಿಣದಲ್ಲಿ ಕಾವೇರಿ ಇದೆ. ಮಾರ ದಾಟಿದ್ದು ಶಿಂಷೆಯಾದರೆ ಅವನು ಸಂಸ್ಥಾನದೊಳಗೇ ಕದಲಿದ. ಕಾವೇರಿಯಾದರೆ ಅವನ ಹಿಂದಿನ ಊರು ಕೊಳ್ಳೇಗಾಲದ ಕಡೆ ಇರಬೇಕು. ಆ ಕೊಳ್ಳೇಗಾಲ 1956ರವರೆಗೂ ಮದರಾಸಿಗೆ ಸೇರಿದ್ದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಆಗ ನೀವು ಹುಡುಕಬೇಕಾದ ಭಾಷೆ, ಪುಸ್ತಕ, ಊರು ಎಲ್ಲ ಬದಲಾಗುತ್ತವೆ: ಶಾನುಭೋಗನ ಬದಲು ಕರಣಂ, ಪಹಣಿಯ ಬದಲು ಅಡಂಗಲ್, ಮೇಲಿನ ಮಟ್ಟದ ಕಡತಗಳಿಗೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರ. ಆದ್ದರಿಂದ ಯಾವ ಹೊಳೆಯೆಂದು ತೀರ್ಮಾನವಾಗುವವರೆಗೆ ಆ ಕಡೆಯ ಖರ್ಚು ಮಾಡಬೇಡಿ. ತೀರ್ಮಾನಕ್ಕೆ ಮನೆದೇವರು ಸಹಾಯ ಮಾಡಬಹುದು, ಆದರೆ ಎಲ್ಲ ಮನೆದೇವರೂ ಅಲ್ಲ. ಚಿಕ್ಕಲ್ಲೂರಿನ ಸಿದ್ದಪ್ಪಾಜಿ, ಬೆಟ್ಟದ ಮಾದಪ್ಪ ಎಂದರೆ ಏನೂ ತಿಳಿದಂತಾಗಲಿಲ್ಲ; ಹೊಳೆಯ ಎರಡೂ ದಂಡೆಯಲ್ಲಿ ಆ ಒಕ್ಕಲುಗಳಿವೆ. ಎಲ್ಲೋ ಒಂದು ಪುಟ್ಟ ಊರಿನ ಮಾರಮ್ಮನಿಗೆ ಮೂರು ವರ್ಷಕ್ಕೊಮ್ಮೆ ಯಾಕೆಂದು ಗೊತ್ತಿಲ್ಲದೆಯೇ ಮರಿ ಕಡಿಯಲು ಹೋಗುತ್ತಿದ್ದರೆ, ಆ ಊರೇ ನಿಮ್ಮ ಬೇರಿರಬಹುದಾದ ಜಾಗ. ಬರದಲ್ಲಿ ಜನ ಒಂದೇ ದಿಕ್ಕಿಗೆ ಹೋಗಲಿಲ್ಲ. ಗಂಜಿ ಸಿಗುವ ಕಡೆಗೆ, ಮಣ್ಣು ಹೊರುವ ಕೆಲಸದ ಕಡೆಗೆ ನಡೆದರು. ಬರಪರಿಹಾರದ ಕೂಲಿಯಿಂದ ಮೇಲೆದ್ದ ಬೆಂಗಳೂರು–ಮೈಸೂರು ರೈಲು ಹಾದಿ ನಿಮ್ಮ ಪಕ್ಕದ ಮದ್ದೂರಿನ ಮೇಲೆಯೇ ಹಾದುಹೋಗುತ್ತದೆ. ಮಾರನನ್ನು ಆ ದಿಕ್ಕಿಗೆ ಎಳೆದದ್ದು ಅದೇ ಇರಬಹುದು. ಆ ಕೂಲಿಗಳ ಹೆಸರುಪಟ್ಟಿಯನ್ನು ನಾನು ಈವರೆಗೆ ಕಂಡಿಲ್ಲ, ಹಾಗಾಗಿ ಇದನ್ನು ಊಹೆಯೆಂದೇ ಬರೆದಿಟ್ಟುಕೊಳ್ಳಿ.

ಮಾರನ ಅಣ್ಣತಮ್ಮಂದಿರು ಕೊಡಗಿನ, ಮಲೆನಾಡಿನ ಕಾಫಿ ತೋಟಗಳಿಗೆ ಹೋದರೆಂಬ ಮಾತು ಮನೆಯಲ್ಲಿದ್ದರೆ ಅದು ಬೇರೆಯೇ ಹುಡುಕಾಟ. ಮದರಾಸಿನ ಬಂದರಿನಿಂದ ಮಾರಿಷಸ್, ನಟಾಲ್, ಫಿಜಿಗಳಿಗೆ ಕರಾರಿನ ಕೂಲಿಗಳಾಗಿ ಹೋದವರದು ಇನ್ನೂ ವಿಚಿತ್ರ: ಹೆಸರು, ತಂದೆಯ ಹೆಸರು, ಜಾತಿ, ಊರು, ತಾಲ್ಲೂಕು, ಎತ್ತರ, ಮೈಮೇಲಿನ ಮಚ್ಚೆಯವರೆಗೆ ಬರೆದ ರಹದಾರಿಗಳು ಆ ದೇಶಗಳಲ್ಲಿ ಉಳಿದಿವೆ. ಊರಿನಲ್ಲೇ ಉಳಿದವನ ಬಗ್ಗೆ ಇಲ್ಲದಷ್ಟು ವಿವರ ಊರು ಬಿಟ್ಟವನ ಬಗ್ಗೆ ಇದೆ. ಬರದ ಅನಾಥರನ್ನು ಸಾಕಿದ ಮಿಷನ್ನುಗಳ ದೀಕ್ಷಾಸ್ನಾನದ ಪುಸ್ತಕಗಳೂ ಹಾಗೆಯೇ, ಕುಟುಂಬದ ಒಂದು ಕವಲು ಕ್ರೈಸ್ತರಾಗಿದ್ದರೆ ಮಾತ್ರ.

ಇಪ್ಪತ್ತೈದು ಸಾವಿರದ ಏಳು ತಲೆಮಾರಿನ ವಿಷಯಕ್ಕೆ ನನ್ನ ಉತ್ತರ ಬೇಡ ಎಂಬುದು. ಏಳು ತಲೆಮಾರೆಂದರೆ ಹೈದರಾಲಿಯ ಕಾಲದ ಹತ್ತಿರಕ್ಕೆ ಹೋಗುತ್ತೇವೆ. ಕೂಲಿಯ ಕುಟುಂಬವೊಂದನ್ನು ಅಲ್ಲಿಯವರೆಗೆ ಹೆಸರು ಹಿಡಿದು ತಲುಪಿಸಿದವರನ್ನು ನಾನು ನೋಡಿಲ್ಲ. ಯಾರಿಗಾದರೂ ಹಣ ಕೊಡುವುದೇ ಆದರೆ ಕೆಲಸಕ್ಕೆ ಕೊಡಿ, ಹೆಸರಿನ ಲೆಕ್ಕಕ್ಕೆ ಕೊಡಬೇಡಿ: ಇಷ್ಟು ದಿನ, ಇಂಥ ಕಚೇರಿ, ಇಂಥ ಪುಸ್ತಕ, ಪ್ರತಿ ಹೆಸರಿಗೂ ಪುಟದ ನಕಲು. ನಿವೃತ್ತ ಗ್ರಾಮ ಲೆಕ್ಕಿಗರು, ಸರ್ವೆಯರುಗಳು ಇದಕ್ಕೆ ಒಳ್ಳೆಯವರು. ಅವರಿಗೆ ಕೈಬರಹ ಗೊತ್ತು, ಬೀರುಗಳೂ ಗೊತ್ತು. ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ಪ್ರಮಾಣಪತ್ರವನ್ನು ಇದರೊಡನೆ ಬೆರೆಸಬೇಡಿ. ಅದು ಈಗಿನ ವಾರಸುದಾರರು ಪ್ರಮಾಣ ಮಾಡಿ ಹೇಳಿದ್ದನ್ನು ಬರೆದುಕೊಟ್ಟದ್ದು. ಪೌತಿ ಖಾತೆಗೆ, ಅಂದರೆ ಸತ್ತವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಲು, ಬೇಕಾಗುವ ಕಾಗದವೇ ಹೊರತು ಚರಿತ್ರೆಗೆ ಸಾಕ್ಷಿಯಲ್ಲ. ಹೆಳವರು ನಿಮ್ಮ ಊರಿಗೆ ಬರುತ್ತಿದ್ದರೇ ಎಂದು ಹಿರಿಯರನ್ನು ಕೇಳಿ. ಎತ್ತಿನ ಮೇಲೆ ಬಂದು, ತಮ್ಮ ಪಾಲಿನ ಮನೆತನಗಳ ವಂಶಾವಳಿಯನ್ನು ಓದಿ ಹೇಳಿ, ಹುಟ್ಟಿದ ಗಂಡುಮಕ್ಕಳ ಹೆಸರು ಸೇರಿಸಿಕೊಂಡು, ಕಾಳುಕಡ್ಡಿ ಪಡೆದು ಹೋಗುವ ಅವರ ಹೊತ್ತಿಗೆಗಳು ಉತ್ತರದ ಜಿಲ್ಲೆಗಳಲ್ಲಿ ದೊಡ್ಡ ಆಸ್ತಿ. ಆದರೆ ಅವರು ಬರೆದದ್ದು ತಮಗೆ ಕೊಡುವ ಒಕ್ಕಲುಗಳ ವಂಶವನ್ನು. ಆಳಿನ ಮನೆಯ ಮುಂದೆ ಹೆಳವನ ಎತ್ತು ನಿಲ್ಲುತ್ತಿದ್ದದ್ದು ಕಡಿಮೆ. ಡಿಎನ್‌ಎ ಪರೀಕ್ಷೆಯಿಂದ ಊರಿನ ಹೆಸರು ತಿಳಿಯುವುದಿಲ್ಲ. ದೂರದ ಸಂಬಂಧಿಯೊಬ್ಬ ಅದೇ ಕಂಪನಿಯಲ್ಲಿ ಪರೀಕ್ಷೆ ಮಾಡಿಸಿದ್ದರೆ ಮಾತ್ರ ಉಪಯೋಗ. ಕೆಲವೊಮ್ಮೆ ಹತ್ತಿರದ ಸಂಬಂಧದ ಬಗ್ಗೆಯೇ ಯಾರೂ ಕೇಳದ ಉತ್ತರ ಬರುತ್ತದೆ, ಅದಕ್ಕೆ ಮನೆಯವರು ಸಿದ್ಧರಿರಬೇಕು.

ಇನ್ನು ಈ ಕೆಲಸದ ನಿಜವಾದ ಅಪಾಯ. ಬೆಂಗಳೂರಿನಿಂದ ಬಂದವನೊಬ್ಬ ಊರಿನಲ್ಲಿ ಹಳೆಯ ಇನಾಮು ಜಮೀನು, ಚೆಕ್ಕುಬಂದಿ ಎಂದು ಕೇಳುತ್ತ ತಿರುಗಿದರೆ, ದಾವೆ ಹಾಕಲು ಬಂದಿದ್ದಾನೆಂಬ ಸುದ್ದಿ ಸಂಜೆಯೊಳಗೆ ಹಬ್ಬುತ್ತದೆ. ತೋಟಿ ಇನಾಮಿನ ಜಮೀನುಗಳ ಮೇಲೆ ಇಂದಿಗೂ ಮೊಕದ್ದಮೆಗಳಿವೆ, ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆಯನ್ನು ತಡೆಯುವ 1978ರ ಕಾಯ್ದೆ ಗೊತ್ತಿಲ್ಲದವರಿಲ್ಲ. ಹಾಗಾಗಿ ಆ ಭಯ ಆಧಾರವಿಲ್ಲದ್ದೂ ಅಲ್ಲ. ಮೊದಲು ಗೌಡರ ಮನೆಯ ಹಿರಿಯರಿಗೂ ನಿಮ್ಮ ದಾಯಾದಿಗಳಿಗೂ ಉದ್ದೇಶವನ್ನು ಬಾಯಿಬಿಟ್ಟು ಹೇಳಿ. ನಿಮ್ಮದೇ ಕವಲಿನವರು ಪಾಲು ಕೇಳುವ ಆಲೋಚನೆಯಲ್ಲಿದ್ದರೆ ಆ ಜಗಳದ ನಡುವೆ ನೀವು ವಂಶಾವಳಿ ಹಿಡಿದು ನಿಲ್ಲಬೇಡಿ, ವಕೀಲರನ್ನು ನೋಡಲು ಹೇಳಿ. ಇನ್ನೊಂದು, ಆ ಕಾಲದ ಕಾಗದಗಳಲ್ಲಿ ಜಾತಿಯನ್ನು ಬರೆದಿರುವ ರೀತಿ, ಆಳನ್ನು ಕರೆದಿರುವ ಏಕವಚನ ಇಂದು ಓದುವಾಗ ಬೈಗುಳದಂತೆ ಕೇಳುತ್ತದೆ. ನಕಲು ಮಾಡುವಾಗ ಅದನ್ನು ತಿದ್ದಬೇಡಿ, ಇದ್ದ ಹಾಗೆಯೇ ಬರೆದುಕೊಳ್ಳಿ. ಮನೆಯ ಮಕ್ಕಳಿಗೆ ತೋರಿಸುವ ಮುಂಚೆ ಒಂದು ಮಾತು ಹೇಳಿ ತೋರಿಸಿ.

ಎಲ್ಲಕ್ಕೂ ಮೊದಲು ಮಾಡಬೇಕಾದದ್ದು ಕಚೇರಿಯಲ್ಲಿಲ್ಲ. ಕೆಂಪಯ್ಯನವರ ಹೆಣ್ಣುಮಕ್ಕಳು, ಅಂದರೆ ನಿಮ್ಮ ಸೋದರತ್ತೆಯರು, ಯಾರಾದರೂ ಇದ್ದರೆ ಈ ತಿಂಗಳೇ ಹೋಗಿ ನೋಡಿ. ಮೊಬೈಲಿನ ಧ್ವನಿಮುದ್ರಣ ಹಾಕಿ ಪಕ್ಕಕ್ಕಿಡಿ, ವಂಶದ ಹೆಸರುಗಳಿಂದ ಆರಂಭಿಸಬೇಡಿ. ಅಜ್ಜಿಯ ತವರು ಯಾವುದು, ಆ ತವರಿಗೆ ಹೋಗಲು ಹೊಳೆ ದಾಟಬೇಕಿತ್ತೇ, ತೋಟಿ ದೊಡ್ಡಪ್ಪನನ್ನು ಅಜ್ಜಿ ಏನೆಂದು ಕರೆಯುತ್ತಿದ್ದರು, ಇಷ್ಟು ಕೇಳಿ. ಬಾವ ಎಂದಿದ್ದರೆ ಸಂಬಂಧ ಎರಡೂ ಕಡೆಯಿಂದ ಆಗಬಹುದು. ಆಗ ಅವರ ಹೆಂಡತಿಯನ್ನು ಅಜ್ಜಿ ಅಕ್ಕ ಎನ್ನಲು ಒಡಹುಟ್ಟಿದವರೆಂಬುದು ಕಾರಣವೋ ಓರಗಿತ್ತಿಯೆಂಬುದೋ ಎಂದು ಇನ್ನೊಂದು ಪ್ರಶ್ನೆ ಬೇಕಾಗುತ್ತದೆ. ದೊಡ್ಡಪ್ಪ ಕೆಂಪಯ್ಯನವರಿಗಾದ್ದರಿಂದ ಅಜ್ಜಿ ಅವರನ್ನು ಮಾವ ಎಂದೂ ಕರೆದಿರಬಹುದು, ಹಾಗಿದ್ದರೆ ಅದೇ ಪ್ರಶ್ನೆಯನ್ನು ಒಂದು ತಲೆಮಾರು ಮೇಲಕ್ಕೆ ಒಯ್ಯಿರಿ: ಬೋರನ ಹೆಂಡತಿ ಯಾವ ಊರಿನವಳು. ಅದೇ ಊರಿನವಳೆಂದು ಅತ್ತೆ ಹೇಳಿದರೆ ತೋಟಿಯ ವಂಶಾವಳಿಯನ್ನು ಅವಳ ಕಡೆಯದೆಂದು ಗುರುತು ಹಾಕಿ ಪಕ್ಕಕ್ಕಿಟ್ಟು, ಮಾರನಿಗಾಗಿ ಗೌಡರ ಪತ್ರಗಳಿಗೆ ಹೋಗಿ. ಹೊರ ಊರಿನವಳೆಂದರೆ ತಹಶೀಲ್ದಾರರಿಗೆ ಬರೆಯುವ ಅರ್ಜಿಯೇ ಮೊದಲಾಗಲಿ.